ಮೂಳೆಯ ಪಕ್ಕದ ಬಿಳಿ ಚುಕ್ಕಿಗಳು

ನಮ್ಮ ಯಜಮಾನರಿಗೆ ಕ್ಯಾನ್ಸರ್ ಎಂದು ಗೊತ್ತಾದ ದಿನ ನಾನು ಅಷ್ಟೇನೂ ಬೆಚ್ಚಿಬೀಳಲಿಲ್ಲ. ಒಂದು ವರ್ಷದಿಂದ ಅವರು ಉಚ್ಚೆ ಹೊಯ್ಯಲು ಹೋದರೆ ಬೇಲಿಯ ಪಕ್ಕ ಇನ್ನೊಂದು ಕಂಬದ ಹಾಗೆ ನಿಂತೇ ಇರುತ್ತಿದ್ದರು. ರಕ್ತ ಪರೀಕ್ಷೆ ಆಯಿತು, ಸೂಜಿ ಚುಚ್ಚಿ ಚೂರು ತೆಗೆದು ನೋಡಿದ್ದೂ ಆಯಿತು. ಗಂಡಸರಿಗೆ ಉಚ್ಚೆಚೀಲದ ಬುಡದಲ್ಲಿ ಪ್ರಾಸ್ಟೇಟ್ ಎಂಬ ಗ್ರಂಥಿ ಇರುತ್ತದಂತೆ. ರೋಗ ಅದರಲ್ಲಿದೆ, ಇನ್ನೂ ಆಚೆ ಹರಡಿಲ್ಲ ಎಂದರು. ಎಪ್ಪತ್ತು ದಾಟಿದ ದೇಹ, ಏನಾದರೊಂದು ಬರಲೇಬೇಕು, ಬಂದಿದೆ ಅಂದುಕೊಂಡೆ. ಬೆಚ್ಚಿಬಿದ್ದದ್ದು ಆಮೇಲೆ, ಸ್ಕ್ಯಾನ್ ತೆಗೆಯುವ ಕೋಣೆಯಲ್ಲಿ. ಅದು ಇನ್ನೂ ಪೂರ್ತಿ ಇಳಿದಿಲ್ಲ.

ಆಸ್ಪತ್ರೆ ಇರುವುದು ಘಟ್ಟದ ಕೆಳಗೆ, ಸತ್ಯಮಂಗಲದಿಂದಲೂ ಮುಂದಿನ ದೊಡ್ಡ ಊರಲ್ಲಿ. ಮಗ ಕೋಸು ತುಂಬಿಕೊಂಡು ಮಂಡಿಗೆ ಹೋಗುವ ದಿನ ಅವನ ಪಿಕಪ್ ಗಾಡಿಯಲ್ಲಿ ನಾವಿಬ್ಬರೂ ಮುಂದೆ ಕೂತುಕೊಂಡು ಇಳಿದೆವು. ಘಟ್ಟದ ತಲೆಯಲ್ಲಿರುವ ದಿಂಬಂನಲ್ಲಿ ಟೀ ಕುಡಿದ ಮೇಲೆ ತಿರುವು ತಿರುವಿಗೂ ಅವರು ನನ್ನ ಮೇಲೆ, ನಾನು ಬಾಗಿಲ ಮೇಲೆ. ಕೋಸಿನ ಮೂಟೆಗಳೇ ನಮಗಿಂತ ಸುಖವಾಗಿದ್ದವು.

ನಮಗೆ ಸಿಕ್ಕಿದ್ದು ಹೆಂಗಸು ಡಾಕ್ಟರು. ಇದೊಂದು ಯಜಮಾನರಿಗೆ ಸಂಕಟ. ಡಾಕ್ಟರಮ್ಮ ಏನು ಕೇಳಿದರೂ ಗೋಡೆಯ ಗಡಿಯಾರದ ಕಡೆ ನೋಡಿಕೊಂಡು ಉತ್ತರ ಹೇಳುತ್ತಿದ್ದರು. ಆಕೆ ಮಾತಾಡುವುದು ತಮಿಳು. ನಮಗೇನು ಅದು ಹೊಸದಲ್ಲ, ಮನೆಯಲ್ಲಿ ಕನ್ನಡವಾದರೂ ನಮ್ಮ ಊರು ತಮಿಳು ಸೀಮೆಗೆ ಸೇರಿದ್ದು, ತಾಲೂಕು ಕಚೇರಿಯಿಂದ ಸಂತೆಯವರೆಗೆ ನಮಗೆ ಅದೇ ಮಾತು. ಅರ್ಥವಾಗದ್ದು ಆಕೆ ಹೇಳಿದ ವಿಷಯ.

"ಅಯ್ಯಾ, ಕತ್ತಿ ಹಾಕುವ ಕೆಲಸ ಇಲ್ಲ. ಕರೆಂಟ್ ಕೊಡುತ್ತೇವೆ. ವಾರದಲ್ಲಿ ಐದು ದಿನದ ಹಾಗೆ ಕೆಲವು ವಾರ ಬರಬೇಕು" ಎಂದರು.

ಹೊರಗಿನಿಂದ ಕಿರಣ ಬಿಟ್ಟು ಒಳಗಿನ ರೋಗ ಸುಡುವುದಕ್ಕೆ ನಮ್ಮ ಕಡೆ ಎಲ್ಲರೂ ಕರೆಂಟ್ ಕೊಡುವುದು ಅಂತಲೇ ಅನ್ನುವುದು. ಡಾಕ್ಟರಮ್ಮ ಕಾಗದದ ಮೇಲೆ ಬರೆದು ತೋರಿಸಿದರು. ಮುಂದೆ ಉಚ್ಚೆಚೀಲ, ಹಿಂದೆ ಮಲದ ದಾರಿ, ನಡುವೆ ನಿಂಬೆಕಾಯಿಯಷ್ಟು ಗ್ರಂಥಿ. ಕಿರಣ ನಿಂಬೆಕಾಯಿಗೆ ಬೀಳಬೇಕು, ಹಿಂದೆ ಮುಂದೆ ಬಿದ್ದರೆ ಚೆನ್ನಾಗಿರುವ ಮಾಂಸ ಬೆಂದು ರಕ್ತ ಬರುತ್ತದೆ. ಅದಕ್ಕೆ ಎರಡು ಥರದ ಚಿತ್ರ ಬೇಕು. ಸಿಟಿ ಸ್ಕ್ಯಾನಿನಲ್ಲಿ ಮೂಳೆ ಚೆನ್ನಾಗಿ ಕಾಣುತ್ತದೆ, ಲೆಕ್ಕ ಹಾಕುವುದು ಅದರ ಮೇಲೆ. ಎಂಆರ್‌ಐಯಲ್ಲಿ ಮಾಂಸದ ಅಂಚು ಕಾಣುತ್ತದೆ. ಒಂದರ ಮೇಲೆ ಇನ್ನೊಂದನ್ನು ಇಟ್ಟು, ಅಂಚಿಗೆ ಅಂಚು ಕೂರಿಸಿದರೆ ಮಾತ್ರ ನಿಂಬೆಕಾಯಿ ಎಲ್ಲಿ ಮುಗಿಯಿತು, ಚೀಲ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಬಹುದು.

"ಅದರಲ್ಲಿ ಏನು ಕಷ್ಟ? ಒಂದೇ ಮನುಷ್ಯನ ಚಿತ್ರ ತಾನೆ, ಕೂರುತ್ತದೆ" ಎಂದೆ.

"ಕೂರುವುದಿಲ್ಲ ಪಾಟಿ" ಎಂದರು, ಅಜ್ಜಿಗೆ ತಮಿಳಿನಲ್ಲಿ ಹಾಗೆನ್ನುವುದು. "ಉಚ್ಚೆ ತುಂಬಿದರೆ ಒಂದು ಕಡೆ, ಹೊಟ್ಟೆಯಲ್ಲಿ ಗಾಳಿಯಿದ್ದರೆ ಇನ್ನೊಂದು ಕಡೆ. ಆ ಗ್ರಂಥಿ ಇವತ್ತು ಇದ್ದಲ್ಲಿ ನಾಳೆ ಇರುವುದಿಲ್ಲ."

ಇದು ನನಗೆ ಮೊದಲ ಪೆಟ್ಟು. ನಾನು ಕುರಿ ಮೇಕೆಗಳ ಒಳಗನ್ನು ಬೇಕಾದಷ್ಟು ನೋಡಿದವಳು. ಕರುಳು, ಪಿತ್ತಜನಕ, ಗುಂಡಿಗೆ ಎಲ್ಲವೂ ಅದರದರ ಜಾಗದಲ್ಲಿ ಅಂಟಿಕೊಂಡಿರುತ್ತವೆ. ಮನುಷ್ಯನಿಗೂ ಹಾಗೇ ಎಂದುಕೊಂಡಿದ್ದೆ. ಆದರೆ ನಾನು ನೋಡಿದ್ದೆಲ್ಲ ಸತ್ತವು. ಬದುಕಿರುವವರ ಒಳಗೆ ಯಾವುದೂ ನಿಂತಲ್ಲಿ ನಿಲ್ಲುವುದಿಲ್ಲವಂತೆ.

ಸಿಟಿ ತೆಗೆಯುವ ದಿನ ಹೊಟ್ಟೆ ಖಾಲಿ ಇರಬೇಕು, ಉಚ್ಚೆಚೀಲ ತುಂಬಿರಬೇಕು ಎಂದು ನೀರು ಕುಡಿಸಿ ಕೂರಿಸಿದರು. ಯಜಮಾನರು ಬೆಂಚಿನ ಮೇಲೆ ಕೂತು ಎದ್ದು, ಕೂತು ಎದ್ದು ಒದ್ದಾಡಿದರು.

"ಎಷ್ಟೊತ್ತಮ್ಮಿ ತಡ್ಕೊಳ್ಳದು? ಕಟ್ಟೆ ಒಡ್ದೋಯ್ತದ ಈಗ."

"ಒಂದ್ವರ್ಷದಿಂದ ಬತ್ತಿಲ್ಲ ಬತ್ತಿಲ್ಲ ಅಂತ ಬೇಲಿತವು ನಿಂತ್ಕತಿದ್ರಿ. ಈಗ ಬ್ಯಾಡ ಅಂದ್ರ ಬತ್ತದಾ?"

"ನಿಂಗೇನ್ ಗೊತ್ತು. ಇವ್ರು ಬ್ಯಾಡ ಅಂದಿದ್ಕೇ ಬತ್ತಾ ಇರದು."

ಅವರನ್ನು ಒಳಗೆ ಕರೆದುಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಚಿತ್ರ ತೆಗೆಯುವವನು ಬಾಗಿಲು ತೆಗೆದು ತಲೆ ಹೊರಗೆ ಹಾಕಿದ.

"ಪಾಟಿ, ತಾತನಿಗೆ ಸೊಂಟದ ಆಪರೇಷನ್ ಆಗಿದೆಯಾ? ಒಳಗೆ ಪ್ಲೇಟು, ಮೊಳೆ ಏನಾದರೂ ಹಾಕಿದ್ದಾರಾ?"

"ಆಪರೇಷನ್ನೂ ಇಲ್ಲ, ಮೊಳೆಯೂ ಇಲ್ಲ. ಸೂಜಿ ಕಂಡರೆ ಓಡುವ ಆಸಾಮಿ."

"ಸೊಂಟದಲ್ಲಿ ಬೆಳ್ಳಿ ಉಡುದಾರ ಇದೆಯಾ?"

"ಬಿಚ್ಚಿಸಿದಿರಲ್ಲಪ್ಪಾ, ನನ್ನ ಸೆರಗಿನಲ್ಲೇ ಗಂಟು ಹಾಕಿದ್ದೇನೆ."

ಅವನು ಡಾಕ್ಟರಮ್ಮನನ್ನು ಕರೆಸಿದ. ಇಬ್ಬರೂ ಗಾಜಿನ ಹಿಂದೆ ಏನೋ ಮಾತಾಡಿಕೊಂಡರು. ಆಮೇಲೆ ಆಕೆ ನನ್ನನ್ನು ಒಳಗೆ ಕರೆದು ಪರದೆ ತೋರಿಸಿದರು. ಕುಂಬಳಕಾಯಿಯನ್ನು ಅಡ್ಡಕ್ಕೆ ಕೊಯ್ದು ಇಟ್ಟ ಹಾಗೆ ಬೂದು ಬಣ್ಣದ ಚಿತ್ರ. ಅದು ನನ್ನ ಗಂಡ ಎಂದು ಒಪ್ಪಿಕೊಳ್ಳುವುದಕ್ಕೇ ಸ್ವಲ್ಪ ಹೊತ್ತು ಬೇಕಾಯಿತು. ಎಡಗಡೆ ಸೊಂಟದ ಮೂಳೆಯ ಪಕ್ಕ, ತಿಕದ ಮಾಂಸದ ಒಳಗೆ, ಬಿಳಿ ಚುಕ್ಕಿಗಳಿದ್ದವು. ಮೂಳೆಯೂ ಬಿಳುಪೇ, ಆದರೆ ಈ ಬಿಳುಪು ಬೇರೆ. ಕಣ್ಣಿಗೆ ಚುಚ್ಚುತ್ತಿತ್ತು. ಒಂದೊಂದರಿಂದಲೂ ಗೆರೆಗಳು ಎದ್ದು ಚಿತ್ರವನ್ನೆಲ್ಲ ಗೀಚಿದ ಹಾಗೆ ಹೋಗಿದ್ದವು.

"ಇದು ಬಂದೂಕಿನ ಚರೆ" ಎಂದರು ಡಾಕ್ಟರಮ್ಮ. "ನಿಮ್ಮವರಿಗೆ ಯಾರು ಗುಂಡು ಹೊಡೆದದ್ದು?"

ಮದುವೆಯಾಗಿ ಐವತ್ತು ವರ್ಷದ ಹತ್ತಿರ ಬಂತು. ಆ ಮನುಷ್ಯನಿಗೆ ಯಾರೋ ಗುಂಡು ಹೊಡೆದಿದ್ದಾರೆ, ಹೊಡೆದದ್ದು ಇನ್ನೂ ಒಳಗೇ ಇದೆ, ನನಗೆ ಗೊತ್ತಿಲ್ಲ. ನಮ್ಮ ಕಾಡುಗಳಲ್ಲಿ ಬಂದೂಕಿನವರೂ ಪೊಲೀಸರೂ ಓಡಾಡಿದ ಕೆಟ್ಟ ಕಾಲವೊಂದಿತ್ತು. ಆಗ ಇವರು ದನ ಹುಡುಕಲು ಜೀರಹಳ್ಳಿ ಕಡೆಯ ಕಾಡಿಗೆ ಹೋಗಿ ಎರಡೆರಡು ದಿನ ಬರದೆ ಇದ್ದದ್ದು ಉಂಟು. ಅದು ತಲೆಗೆ ಬಂತು. ಇವರು ಯಾರು ಹಾಗಾದರೆ? ನಾನು ಮುದ್ದೆ ಮಾಡಿ ಹಾಕಿದ್ದು ಯಾರಿಗೆ?

ಕೇಳೋಣವೆಂದರೆ ಅವರು ಮಂಚದಿಂದ ಇಳಿದವರೇ ಲುಂಗಿ ಹಿಡಿದುಕೊಂಡು ಕಕ್ಕಸಿಗೆ ಓಡಿದರು. ನಾನು ಬಾಗಿಲ ಹೊರಗೆ ನಿಂತಿದ್ದೆ. ಅಂಥ ಹೊತ್ತಿನಲ್ಲೂ ಒಳಗೆ ನೀರು ಬೀಳುವ ಸದ್ದು ನಿಲ್ಲುವುದನ್ನೇ ಕಾಯಬೇಕಾಯಿತು.

ಹೊರಗೆ ಬಂದವರನ್ನು ಬೆಂಚಿನ ಮೇಲೆ ಕೂರಿಸಿ ಕೇಳಿದೆ.

"ಸೊಂಟದಲ್ಲಿ ಏನದು?"

"ಏನದ? ಏನಿಲ್ಲ."

"ಮಿಷಿನ್‌ನಲ್ಲಿ ಕಾಣ್ತಾ ಅದ. ಚರೆ ಅಂತ ಏಳವ್ರೆ."

ಅವರು ಕಾಲಿನ ಹೆಬ್ಬೆರಳು ನೋಡಿಕೊಂಡರು. "ಅದು ಅಂದಿ ತಿವ್ದಿದ್ದಲ್ವಾ ಅಮ್ಮಿ. ನಿಂಗೇ ಗೊತ್ತಲ್ಲ."

"ಅಂದಿ ಎಗ್ಲಲ್ಲಿ ಬಂದೂಕ ನೇತಾಕಂಡಿತ್ತಾ?"

ಪಕ್ಕದಲ್ಲಿ ಕೂತಿದ್ದ ಯಾರೋ ನಕ್ಕರು. ಅವರಿಗೂ ಕನ್ನಡ ಬರುತ್ತಿತ್ತೋ ಏನೋ. ನನಗೆ ನಗು ಬರಲಿಲ್ಲ.

ಹಂದಿಯ ವಿಷಯ ಇಷ್ಟು. ನಾನು ಮದುವೆಯಾಗಿ ಬಂದ ವರ್ಷ, ರಾಗಿ ತೆನೆ ಕಟ್ಟಿದ್ದಾಗ, ಹೊಲದ ಕಾವಲಿಗೆ ಹೋಗಿದ್ದ ಇವರನ್ನು ಬೆಳಗಿನ ಹೊತ್ತಿಗೆ ಕಂಬಳಿಯಲ್ಲಿ ಹೊತ್ತುಕೊಂಡು ಬಂದರು. ಕಾಡುಹಂದಿ ತಿವಿಯಿತು ಎಂದರು. ನಾಟಿ ವೈದ್ಯ ಬಂದ. ನಮ್ಮತ್ತೆ ಬಾಗಿಲು ಹಾಕಿಕೊಂಡು ತಾನೇ ಗಾಯ ತೊಳೆದು, ಅರಿಶಿನ ಹಚ್ಚಿ, ಹರಳೆಲೆ ಕಟ್ಟುತ್ತಿದ್ದಳು. ನಾನು ಹೊಸ ಸೊಸೆ, ಹತ್ತಿರ ಬಿಡಲಿಲ್ಲ. ಕೋರೆಯ ಗಾಯಕ್ಕೆ ಹೊಸ ಹೆಣ್ಣಿನ ಕಣ್ಣು ತಾಕಬಾರದು ಎಂದಳು. ಎಲ್ಲಿಯ ಶಾಸ್ತ್ರವೋ, ನಾನು ನಂಬಿದೆ. ವಾರ ಕಳೆದ ಮೇಲೆ ನನ್ನ ತಮ್ಮ ದೊಡ್ಡಗಾಜನೂರಿನಿಂದ ಒಂದು ಹಂದಿ ಹೊತ್ತು ತಂದು, ಬಾವನನ್ನು ತಿವಿದದ್ದು ಇದೇ, ಉರುಳಿಗೆ ಬಿತ್ತು ಎಂದು ಅಂಗಳದಲ್ಲಿ ಕೆಡವಿದ. ಅದನ್ನು ಬೇಯಿಸಿದವಳು ನಾನೇ. ಸಿಟ್ಟಿಗೆ ಖಾರ ಹೆಚ್ಚು ಹಾಕಿದ್ದೆ. ಮೊಮ್ಮಕ್ಕಳಿಗೆಲ್ಲ ಅವರು ಹೇಳುವ ಶೂರತನದ ಕತೆ ಅದೊಂದೇ. ವರ್ಷದಿಂದ ವರ್ಷಕ್ಕೆ ಹಂದಿ ದೊಡ್ಡದಾಗುತ್ತಾ ಹೋಯಿತು.

ಕಲೆ ನಾನು ನೋಡಿಲ್ಲವೆಂದಲ್ಲ. ವಾರ ವಾರ ಎಣ್ಣೆ ನೀರು ಹಾಕುವಾಗ ಆ ಬೆನ್ನು, ಆ ಸೊಂಟ ಉಜ್ಜಿದವಳು ನಾನು. ನಾಲ್ಕು ಕುಳಿ ಇವೆ. ಹಂದಿಗೆ ತಿವಿಯುವ ಕೋರೆ ಎರಡು. ಐವತ್ತು ವರ್ಷ ಕೈಗೆ ಸಿಕ್ಕಿದ್ದನ್ನು ತಲೆಗೆ ತಂದುಕೊಳ್ಳಲಿಲ್ಲ.

"ಯಾರು ಒಡ್ದದ್ದು?" ಎಂದೆ.

ಅಷ್ಟರಲ್ಲಿ ಡಾಕ್ಟರಮ್ಮ ಹೊರಗೆ ಬಂದು ನಮ್ಮ ಮುಂದೆ ನಿಂತುಕೊಂಡೇ ಹೇಳಿದರು. "ಈಗ ಎಂಆರ್‌ಐ ತೆಗೆಯಲು ಆಗುವುದಿಲ್ಲ. ಅದು ದೊಡ್ಡ ಅಯಸ್ಕಾಂತ. ಒಳಗಿರುವುದು ಸೀಸವಾದರೆ ಅಷ್ಟು ಭಯವಿಲ್ಲ. ಕಬ್ಬಿಣವೋ ಉಕ್ಕೋ ಆದರೆ ಅದನ್ನು ಎಳೆಯುತ್ತದೆ. ಕಾಲಿಗೆ ಹೋಗುವ ನರದ ಪಕ್ಕದಲ್ಲೇ ಒಂದು ಕೂತಿದೆ. ಚಿತ್ರದಲ್ಲಿ ನೋಡಿ ಅದು ಸೀಸ, ಇದು ಕಬ್ಬಿಣ ಅಂತ ನಾನು ಹೇಳಲಾರೆ, ಎರಡೂ ಬೆಳ್ಳಗೇ ಕಾಣುತ್ತವೆ. ಬಂದೂಕಿಗೆ ತುಂಬಿದವರು ಬದುಕಿದ್ದರೆ ಏನು ತುಂಬಿದ್ದರು ಕೇಳಿಕೊಂಡು ಬನ್ನಿ."

"ಎಂಆರ್‌ಐ ಇಲ್ಲದಿದ್ದರೆ?"

"ಅಂಚು ಸರಿಯಾಗಿ ಗೊತ್ತಾಗುವುದಿಲ್ಲ. ಗೆರೆಯನ್ನು ಸ್ವಲ್ಪ ಅಗಲಕ್ಕೆ ಎಳೆಯಬೇಕಾಗುತ್ತದೆ. ಅಷ್ಟು ಒಳ್ಳೆಯ ಮಾಂಸ ಬೇಯುತ್ತದೆ."

ಆಕೆ ಹೋದ ಮೇಲೆ ಯಜಮಾನರು ಬಹಳ ಸಣ್ಣಗೆ ಹೇಳಿದರು. "ನಿನ್ ತಮ್ಮ ಕಣಮ್ಮಿ."

ನಾನು ಅವರ ಕಡೆ ತಿರುಗಿ ಕೂತೆ. ಅವರೇ ಮುಂದುವರಿಸಿದರು.

"ಬೆಳಿಗ್ಗೆ ಮಂಜು. ನಾನು ರಾಗಿ ಒಳಗೆ ಬಗ್ಗಿ ಕೂತಿದ್ದೆ, ಒರ್ಗಡೀಕೆ. ತೆನೆ ಅಳ್ಳಾಡ್ತು, ಅಂದಿ ಅಂದ್ಕಂಡ. ನಂಜೊತೇಲಿ ಕಾವ್ಲಿಗ್ ಬಂದಿದ್ದ ಅವತ್ತು. ಬಂದೂಕಕ್ಕೆ ಲೈಸೆನ್ಸ್ ಇಲ್ಲ. ಏಳುದ್ರೆ ಅವ್ನ ಜೈಲ್ಗ್ ಆಕ್ತಿದ್ರು. ನಿಮ್ಮಪ್ಪ ನಿನ್ನ ವಾಪಸ್ ಕರ್ಕಂಡೋಗ್ಬುಡ್ತಿದ್ದ. ಎಲ್ಲಾ ಸೇರಿ ಅಂದಿ ಅಂದೋ."

"ಎಲ್ಲಾ ಅಂದ್ರ ಯಾರ್ ಯಾರು?"

"ಅವ್ವಂಗ್ ಗೊತ್ತಿತ್ತು. ವೈದ್ಯಂಗ್ ಗೊತ್ತಿತ್ತು. ಊರ್ನಲ್ಲಿ ಒಂದಷ್ಟ್ ಗಂಡುಸ್ರಿಗೆ..." ಅಷ್ಟಕ್ಕೇ ನಿಲ್ಲಿಸಿದರು.

ನಾನು ಅಲ್ಲೇ ಫೋನ್ ಮಾಡಿಸಿದೆ. ತಮ್ಮ ಎತ್ತಿದ. ಬಂದೂಕು ಎಂದ ತಕ್ಷಣ "ಅಕ್ಕ, ಸಿಗ್ನಲ್ ಇಲ್ಲ" ಎಂದು ಇಟ್ಟುಬಿಟ್ಟ. ಅಕ್ಕ ಎಂದದ್ದು ಗಂಟೆ ಹೊಡೆದ ಹಾಗೆ ಕೇಳಿಸಿತ್ತು. ಸಿಗ್ನಲ್ ಇಲ್ಲವಂತೆ.

ಕತ್ತಲಾದರೆ ಘಟ್ಟದಲ್ಲಿ ಗಾಡಿ ಬಿಡುವುದಿಲ್ಲ, ಬೇಗ ಹೊರಟೆವು. ವಿಷಯವನ್ನು ಮಗನ ಕಿವಿಗೆ ಯಜಮಾನರೇ ಹಾಕಿದರು, ನಾನು ಬಾಗಿಲ ಕಡೆ ಮುಖ ತಿರುಗಿಸಿಕೊಂಡು ಕೂತೆ. ಅರ್ಧ ಘಟ್ಟ ಹತ್ತಿದ ಮೇಲೆ ಮಗ ಗೇರು ಬದಲಾಯಿಸುತ್ತಾ ಬಾಯಿ ಬಿಟ್ಟ.

"ಅದ್ಕೆ ಯಾಕವ್ವ ಇಂಗ್ ಮಾಡ್ತಿದ್ದಯ್ಯ? ಅಳೇ ಕತೆ ಬುಡು. ಮಾವ ಒಂದ್ಸಲ ಕುಡ್ದಾಗ ನಂಗೂ ಏಳಿದ್ದ."

ಅವನ ಕೆನ್ನೆಗೆ ಹೊಡೆಯಬೇಕು ಅನ್ನಿಸಿತು. ಸ್ಟೇರಿಂಗ್ ಹಿಡಿದಿದ್ದ, ಒಂದು ಕಡೆ ಪ್ರಪಾತ, ಬಿಟ್ಟೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದವನಿಗೂ ಗೊತ್ತು. ಸತ್ತ ಅತ್ತೆಗೆ ಗೊತ್ತು. ಊರಿನಲ್ಲಿ ಯಾವ ಯಾವ ಗಂಡಸರು ಬೀಡಿ ಸೇದುತ್ತಾ ನನ್ನ ಮುಖ ನೋಡಿ ನಕ್ಕಿದ್ದರೋ. ನನ್ನ ಮನೆಯ ಸುದ್ದಿ ನನಗೆ ಹೇಳಲು ಘಟ್ಟದ ಕೆಳಗಿನ ಮಿಷಿನ್ನೇ ಬೇಕಾಯಿತು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ತಮ್ಮನ ಮನೆಗೆ ಹೋದೆ. ಅವನು ಜಗಲಿಯಲ್ಲಿ ಬಿತ್ತನೆಗೆ ಬೆಳ್ಳುಳ್ಳಿ ಎಸಳು ಬಿಡಿಸುತ್ತಾ ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತ. ಅವನಿಗೂ ಈಗ ತಲೆಯೆಲ್ಲ ಬಿಳಿ.

"ಬಾವ ಏಳ್ಬುಟ್ನಾ?" ಎಂದ.

"ಬಾವ ಏಳಿಲ್ಲ ಕಣ್ಲಾ. ನಿನ್ ಚರೆ ಏಳ್ತು. ಇನ್ನೂ ಒಳ್ಗೇ ಅವೆ."

"ಒಳ್ಗೇ ಅವಾ?" ಅವನ ಮುಖ ಬೂದಿಯಾಯಿತು. "ವೈದ್ಯ ಎಲ್ಲಾ ತಗ್ದೆ ಅಂದಿದ್ದ ಕಣಕ್ಕ. ನನ್ ಕೈಗೇ ತಂದ್ ಕೊಟ್ಟಿದ್ದ."

ಅವನಿಗೂ ಒಂದು ಸುಳ್ಳು ಹೇಳಿದ್ದರು. ಅದನ್ನು ಕೇಳಿ ನನಗೆ ಸ್ವಲ್ಪ ಸಮಾಧಾನವಾಯಿತು, ಯಾಕೆ ಮುಚ್ಚಿಡಲಿ.

"ಅಳದೆಲ್ಲ ಆಮ್ಯಾಲೆ. ಈಗ ಬಂದಿದ್ದು ಒಂದ್ ಮಾತ್ ಕೇಳಾಕೆ. ಅವತ್ತು ಬಂದೂಕಕ್ಕೆ ಏನ್ ತುಂಬಿದ್ದೆ? ಸೀಸವಾ, ಕಬ್ಬಿಣವಾ? ಸರಿಯಾಗ್ ಗ್ಯಾಪ್ಕ ಮಾಡ್ಕಂಡ್ ಏಳು. ಸೀಸ ಅಂದ್ರ ಬಾವಂಗೆ ಒಳ್ಳೇ ಪೋಟೋ ತಗೀತಾರೆ. ಸುಳ್ಳ್ ಏಳುದ್ರೆ ಮಿಷಿನ್ ಒಳ್ಗೇ ಕಾಲ್ ಓಯ್ತದ."

ಅವನು ಬೆಳ್ಳುಳ್ಳಿಯ ಮೊರ ಪಕ್ಕಕ್ಕೆ ಸರಿಸಿ ಕೂತ. ಅವನ ಸೊಸೆ ಕಾಫಿ ತಂದಿಟ್ಟು ಹೋದಳು, ಆರಿ ಕೆನೆ ಕಟ್ಟಿತು.

ನಮ್ಮ ಕಡೆಯ ನಾಡಬಂದೂಕಿನ ವಿಷಯ ಗೊತ್ತಿಲ್ಲದವರಿಗೆ ಹೇಳಬೇಕು. ಅದಕ್ಕೆ ಅಂಗಡಿಯ ತೋಟಾ ಇಲ್ಲ. ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ಗಿಡಿದು, ಅದರ ಮೇಲೆ ಕೈಗೆ ಸಿಕ್ಕಿದ್ದನ್ನು ಹಾಕುವುದು. ಸೀಸ ಇದ್ದರೆ ಸೀಸ. ಇಲ್ಲದಿದ್ದರೆ ಒಡೆದ ಬಾಣಲೆಯ ಚೂರು, ಲಾಳದ ಮೊಳೆ. ಹಂದಿಗೆ ಯಾವುದಾದರೇನು.

"ಬೀಸೋ ಬಲೆ ಇತ್ತಲ್ಲ ಅಪ್ಪಂದು, ಅದ್ರ ಸೀಸದ್ ಗುಂಡು ಕಿತ್ಕಂಡಿದ್ದೆ" ಎಂದ ಕೊನೆಗೆ. ನನ್ನ ಎದೆ ಹಗುರವಾಯಿತು. ಆದರೆ ಅವನು ನಿಲ್ಲಿಸಲಿಲ್ಲ. "ಅದು ಸಾಲ್ನಿಲ್ಲ. ಅಪ್ಪನ್ ಸೈಕಲ್ ಚಕ್ರ ಬಿಚ್ಚಿ, ಒಳ್ಗಡೆ ಸಣ್ ಸಣ್ ಉಕ್ಕಿನ್ ಗುಂಡ್ ಇರ್ತವಲ್ಲ, ಅವ್ನೂ ಬೆರ್ಸುದ್ದೆ."

"ವೈದ್ಯ ತಗ್ದು ಕೊಟ್ಟಿದ್ದು ಯಾವ್ವು?"

"ಎರಡ್ನೂ ಕೊಟ್ಟಿದ್ದ. ಒಳ್ಗ್ ಉಳ್ದಿರದು ಯಾವ್ವು ಅಂತ ನಾನ್ ಎಂಗ್ ಏಳ್ಲಿ ಅಕ್ಕ? ಸೀಸ ಅಂತ ಏಳ್ಬೇಕು ಅಂತ ಬಾಯ್ತಂಕ ಬಂದದ. ಏಳಾಕ್ ಆಗ್ತಿಲ್ಲ."

ಸೈಕಲ್ಲಿನ ಗುಂಡು. ಆ ಸೈಕಲ್ಲಿನ ಹಿಂದೆ ಕೂತು ನಾನು ಸಂತೆಗೆ ಹೋಗಿದ್ದೆ. ಅದು ಕೆಟ್ಟು ಮೂಲೆ ಸೇರಿದಾಗ ಅಪ್ಪ ಯಾರೋ ಕಳ್ಳರು ಗುಂಡು ಬಿಚ್ಚಿದರು ಎಂದು ವಾರ ಬೈದಿದ್ದ.

ಹೊರಡಲು ಎದ್ದವಳಿಗೆ ಇನ್ನೊಂದು ಹೊಳೆಯಿತು. ಹೊಳೆಯಬಾರದಿತ್ತು. ನನ್ನ ತಮ್ಮ ಪ್ರತಿ ವರ್ಷ ಮೊದಲ ಮಳೆಗೆ ತನ್ನ ಹೊಲ ಬಿಟ್ಟು, ಎತ್ತು ಹೊಡೆದುಕೊಂಡು ಬಂದು ನಮ್ಮ ಹೊಲ ಉತ್ತು ಹೋಗುತ್ತಿದ್ದ. ಟ್ರ್ಯಾಕ್ಟರು ಬರುವವರೆಗೂ ಒಂದು ವರ್ಷ ತಪ್ಪಿಸಲಿಲ್ಲ. ಊರ ಹೆಂಗಸರ ಮುಂದೆ ನಾನು ಮೆರೆದದ್ದೇ ಅದರಲ್ಲಿ. ತವರು ಅಂದರೆ ಹೀಗಿರಬೇಕು ಎಂದು ಎಷ್ಟು ಜನರ ಹೊಟ್ಟೆ ಉರಿಸಿದ್ದೆನೋ.

"ಉಳಾಕ್ ಬತ್ತಿದ್ಯಲ್ಲ, ಅದು ದಂಡವಾ?" ಎಂದೆ.

ಅವನು ತಲೆ ಎತ್ತಲಿಲ್ಲ. "ಮೊದ್ಲು ಅಂಗೇ. ಬಾವ ಮಲ್ಗಿದ್ನಲ್ಲ, ಉಳೋರ್ ಯಾರು? ಆಮ್ಯಾಲ ಆಮ್ಯಾಲ... ಎತ್ತೇ ಆ ದಾರಿ ಇಡೀತಿದ್ದೊ ಅಕ್ಕ."

"ಎತ್ತಿನ್ ಮ್ಯಾಲ್ ಆಕ್ಬ್ಯಾಡ" ಎಂದು ಬಸ್ಸಿಗೆ ನಡೆದೆ. ಬಸ್ಸಿನಲ್ಲಿ ಪಕ್ಕದವಳು ಮೈ ಹುಷಾರಿಲ್ಲವಾ ಎಂದು ಕೇಳಿದಳು. ಇಲ್ಲ ಎಂದೆ. ಗುಂಡು ಹೊಡೆಸಿಕೊಂಡವರು ಮನೆಯಲ್ಲಿ ಆರಾಮಾಗಿ ಎಲೆಯಡಿಕೆ ಹಾಕುತ್ತಿದ್ದರು. ಅದು ತಾಕಿದ ಹಾಗೆ ಕೂತಿದ್ದವಳು ನಾನು.

ಮತ್ತೆ ಆಸ್ಪತ್ರೆಗೆ ಹೋದ ದಿನ ತಮ್ಮನೂ ಬಂದ. ಕರೆದಿರಲಿಲ್ಲ. ಗಾಡಿಯ ಹಿಂದೆ ಬೀಟ್‌ರೂಟ್ ಚೀಲಗಳ ಮೇಲೆ ಹತ್ತಿ ಕೂತ. ಡಾಕ್ಟರಮ್ಮನ ಮುಂದೆ ಅವನೇ ನಿಂತು, ಮುರುಕು ತಮಿಳಿನಲ್ಲಿ, ತುಂಬಿದವನು ನಾನೇ, ಅರ್ಧ ಸೀಸ, ಅರ್ಧ ಸೈಕಲ್ ಗುಂಡು ಎಂದ. ಆಕೆ ಪೆನ್ನು ಕೆಳಗಿಟ್ಟರು.

"ಸೈಕಲ್ ಗುಂಡಾ?"

"ಹೂಂ ಅಮ್ಮಾ. ಹಿಂದಿನ ಚಕ್ರದ್ದು."

ಆಕೆ ನಮ್ಮ ಮೂವರ ಮುಖವನ್ನೂ ಒಂದು ಸುತ್ತು ನೋಡಿದರು. ಆಮೇಲೆ, "ಸರಿ, ಎಂಆರ್‌ಐ ಬೇಡವೇ ಬೇಡ" ಎಂದು ಬೇರೆ ದಾರಿ ಹೇಳಿದರು. ಸೂಜಿಯಲ್ಲಿ ಗ್ರಂಥಿಯ ಒಳಕ್ಕೇ ಅಕ್ಕಿಯ ನುಚ್ಚಿನಂಥ ಚಿನ್ನದ ಕಾಳು ಕೂರಿಸುತ್ತಾರೆ. ಗ್ರಂಥಿ ಸರಿದರೆ ಅದೂ ಸರಿಯುತ್ತದೆ. ದಿನಾ ಕರೆಂಟ್ ಕೊಡುವ ಮುಂಚೆ ಒಂದು ಚಿತ್ರ ತೆಗೆದು, ಮೊದಲಿನ ಚಿತ್ರದ ಮೇಲೆ ಇಟ್ಟು, ಚಿನ್ನದ ಮೇಲೆ ಚಿನ್ನ ಕೂತಿತಾ ನೋಡಿ ಆಮೇಲೆ ಬಿಡುತ್ತಾರೆ. ಹಾಗೆ ಕೂರಿಸುವುದು ಸಾಧ್ಯ. ಆದರೆ ಗ್ರಂಥಿಯ ಅಂಚು ಎಲ್ಲಿ ಎನ್ನುವುದು ಸಿಟಿಯಲ್ಲಿ ಮಸುಕೇ. ಮೇಲೆ ಆ ಚರೆಯ ಗೆರೆಗಳು ಬೇರೆ ಅಡ್ಡ. ಗೆರೆ ಅಗಲಕ್ಕೇ ಎಳೆಯಬೇಕು. ಉರಿ ಬರಬಹುದು, ಹಿಂದಿನಿಂದ ರಕ್ತ ಬರಬಹುದು, ಬರದೆಯೂ ಇರಬಹುದು. ಒಪ್ಪಿಗೆಯಾ ಎಂದು ಕೇಳಿದರು.

ತಮ್ಮ ಗೋಡೆಗೆ ಒರಗಿದ. ಐವತ್ತು ವರ್ಷದ ಹಿಂದೆ ಬಿಟ್ಟ ಗುಂಡು ಇನ್ನೂ ಬಾವನನ್ನು ಹೊಡೆಯುತ್ತಲೇ ಇದೆ ಎಂದು ಅವನಿಗೆ ಆವಾಗ ಅರ್ಥವಾಯಿತು ಅಂತ ಕಾಣುತ್ತದೆ.

ಯಜಮಾನರು ಮೊದಲ ಸಲ ಗಡಿಯಾರದಿಂದ ಕಣ್ಣು ತೆಗೆದು ಡಾಕ್ಟರಮ್ಮನನ್ನೇ ನೋಡಿ ತಲೆಯಾಡಿಸಿದರು. ಆಮೇಲೆ ಬಾಮೈದನ ಕಡೆ ತಿರುಗಿ, "ನೀನು ಪೋಟೋ ತಗೀದೆ ಒಡ್ದೆ. ಇವ್ರು ತಗ್ದು ಒಡೀತಾರೆ. ಬುಡು ಅತ್ಲಾಗೆ" ಎಂದರು.

"ಬಾವ, ನಗಾಡ್ಬ್ಯಾಡ ಕಣ."

"ಅಳಾಕೇನ್ಲಾ? ತಿಕದಲ್ಲಿ ಉಕ್ಕು, ಮುಂದ್ಗಡೆ ಚಿನ್ನ. ನಿಮ್ಮಕ್ಕಂಗ್ ಕೂಡ ಇಷ್ಟ್ ಒಡ್ವೆ ಇಲ್ಲ."

ನನಗೆ ರೇಗಿತು. "ಐವತ್ ವರ್ಷ ನನ್ ಮುಂದೆ ಅಂದಿ ಆಡ್ಸುದ್ರಿ ನೀವಿಬ್ರೂ. ಈಗ್ಲಾದ್ರೂ ಬಾಯ್ ಮುಚ್ಕೊಳಿ" ಎಂದೆ. ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ, ಆದರೂ ಇಬ್ಬರ ಜೊತೆ ಆಕೆಯೂ ಸುಮ್ಮನಾದರು.

ಚಿನ್ನದ ಕಾಳು ಕೂರಿಸಿ, ಕೆಲವು ದಿನ ಬಿಟ್ಟು ಸಿಟಿ ಇನ್ನೊಮ್ಮೆ ತೆಗೆದರು. ಸೊಂಟದ ಎರಡು ಪಕ್ಕ, ಹೊಟ್ಟೆಯ ಕೆಳಗೆ ಗುರುತಿನ ಚುಕ್ಕಿ ಹಾಕಿದರು. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದು ಉಳಿದುಕೊಂಡೆವು. ಹೊಟ್ಟೆಯಲ್ಲಿ ಗಾಳಿ ಆಗಬಾರದೆಂದು ಅವರೆ, ಹುರುಳಿ ಎಲ್ಲ ನಿಲ್ಲಿಸಿದೆ. ಅದಕ್ಕೂ ಅವರದು ಜಗಳವೇ.

ಕರೆಂಟ್ ಕೊಡುವ ಮೊದಲ ದಿನ ನನ್ನನ್ನು ಪರದೆಯ ಹತ್ತಿರ ಒಂದು ನಿಮಿಷ ನಿಲ್ಲಿಸಿಕೊಂಡರು. ಯಜಮಾನರು ಒಳಗೆ ಮಲಗಿದ್ದರು, ನೀರು ತುಂಬಿಕೊಂಡು. ಮೊದಲಿನ ಚಿತ್ರದ ಮೇಲೆ ಇವತ್ತಿನ ಚಿತ್ರ ಬಂತು. ಮೂಳೆಯ ಮೇಲೆ ಮೂಳೆ ಕೂತಿತು. ಸೈಕಲ್ ಗುಂಡೋ ಸೀಸವೋ, ಆ ಬಿಳಿ ಚುಕ್ಕಿಗಳ ಮೇಲೆ ಅವೇ ಚುಕ್ಕಿಗಳು ಕೂತವು. ಚಿನ್ನ ಕೂರಲಿಲ್ಲ, ಒಂದು ಕೂದಲೆಳೆ ಆಚೆ ನಿಂತಿತ್ತು. ಹೊರಗಿನದೆಲ್ಲ ಸರಿಯಾಗಿದ್ದೂ ಒಳಗಿನದು ಸರಿದಿತ್ತು. ಡಾಕ್ಟರಮ್ಮ ಹೇಳಿದ್ದು ನಿಜ. ಚಿತ್ರ ತೆಗೆಯುವವನು ಏನೋ ಒತ್ತಿದ, ಒಳಗೆ ಮಂಚ ಸಣ್ಣಗೆ ಜರುಗಿತು, ಮತ್ತೆ ನೋಡಿದ. ಕೂತಿತು.

ಅಷ್ಟಾದ ಮೇಲೆ ಒಳಗಿದ್ದ ನರ್ಸು ಹೊರಗೆ ಬಂದಳು. ನನ್ನನ್ನೂ ಆಚೆ ಕಳಿಸಿದರು. ಗೋಡೆಯಷ್ಟು ದಪ್ಪದ ಬಾಗಿಲು ತಾನಾಗಿ ಮುಚ್ಚಿತು, ಮೇಲೆ ಕೆಂಪು ದೀಪ ಹತ್ತಿತು. ಕಿರಣ ಬಿಡುವವರೆಲ್ಲ ಹೊರಗೆ, ಅವರೊಬ್ಬರೇ ಒಳಗೆ. ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ.

ತಮ್ಮ ಬೆಂಚಿನ ಆ ತುದಿಯಲ್ಲಿದ್ದ. ಅವತ್ತು ನಮ್ಮ ಜೊತೆ ಬಂದವನು ಊರಿಗೆ ವಾಪಸ್ ಹೋಗಿರಲೇ ಇಲ್ಲ. ನಾನು ಅವನ ಜೊತೆ ಮಾತು ನಿಲ್ಲಿಸಿದ್ದೆ.

"ಅವತ್ತು ಎಷ್ಟು ದೂರ್‌ದಲ್ಲಿದ್ದೆ?" ಎಂದು ಕೇಳಿಬಿಟ್ಟೆ.

"ಇಲ್ಲಿಂದ ಆ ಬಾಗ್ಲುಗಂಟ" ಎಂದ.

ಸದ್ದಿಲ್ಲ, ಹೊಗೆಯಿಲ್ಲ. ಕೆಂಪು ದೀಪ ಉರಿಯುತ್ತಲೇ ಇತ್ತು. ಇಬ್ಬರೂ ಅದನ್ನೇ ನೋಡುತ್ತಾ ಕೂತೆವು. ಆರಿತು. ಬಾಗಿಲು ತೆರೆಯಿತು. ಯಜಮಾನರು ಲುಂಗಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಯಾರ ಮುಖವನ್ನೂ ನೋಡದೆ, ಬಗ್ಗಿಕೊಂಡು ಕಕ್ಕಸಿನ ಕಡೆ ಓಡಿದರು. ಈಗಷ್ಟೇ ಒರೆಸಿದ ನೆಲ.

"ಏನ್ಲಾ ನೋಡ್ತಾ ಕೂತಿದ್ದಯ್ಯ? ಓಗು, ಕೈ ಇಡ್ಕೊ. ಜಾರಿ ಬಿದ್ದಾರು" ಎಂದೆ.

ಅವನು ಎದ್ದು ಓಡಿದ.